ಮೆಟ್ರೊ ಬರುವ ತನಕ ಏನು ಗತಿ? ಸರ್ಜಾಪುರ ರಸ್ತೆಯ ವ್ಯಾಪಾರಿಗಳ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ದೊಡ್ಡಕನ್ನೆಲ್ಲಿ ಆಸುಪಾಸಿನ ಅಂಗಡಿ, ಹೋಟೆಲ್, ಸಣ್ಣ ಕಚೇರಿಗಳವರ ಸಂಘ. ಸುತ್ತ ಟೆಕ್ ಪಾರ್ಕ್‌ಗಳು ಏಳುತ್ತಲೇ ಇವೆ, ರಸ್ತೆ ಮಾತ್ರ ಇದ್ದಷ್ಟೇ ಇದೆ. ಇಬ್ಬಲೂರಿನಿಂದ ನಮ್ಮ ಕೆಲಸದವರು ಇಲ್ಲಿ ತಲುಪಲು ಬೆಳಿಗ್ಗೆ ಮುಕ್ಕಾಲು ಗಂಟೆ ಹಿಡಿಯುವುದುಂಟು. ಶಾಸಕರಿಗೆ ಮನವಿ ಕೊಡಬೇಕೆಂದಿದ್ದೇವೆ, ಆದರೆ ಏನು ಕೇಳಬೇಕು ಎಂಬುದರಲ್ಲೇ ಒಮ್ಮತವಿಲ್ಲ. ಮೆಟ್ರೊ ಬೇಗ ತನ್ನಿ ಎನ್ನುವವರು ಕೆಲವರು. ಅದರ ಕಂಬ ಏಳುವಷ್ಟರಲ್ಲಿ ನಾವು ಬಾಗಿಲು ಹಾಕಬೇಕಾಗುತ್ತದೆ ಎನ್ನುವವರು ಇನ್ನು ಕೆಲವರು. ಮಾನೊರೈಲು ಅಗ್ಗವಂತೆ, ಬೇಗ ಆಗುತ್ತದಂತೆ. ಹುಬ್ಬಳ್ಳಿ ಕಡೆಯ ಸದಸ್ಯರೊಬ್ಬರು ಅಲ್ಲಿನ ಪ್ರತ್ಯೇಕ ದಾರಿಯ ಚಿಗರಿ ಬಸ್ಸಿನಂಥದ್ದು ಸಾಕು ಎನ್ನುತ್ತಾರೆ. ಬಸ್ಸಿಗೆ ಪ್ರತ್ಯೇಕ ಲೇನ್ ಕೊಟ್ಟರೆ ಪಾರ್ಕಿಂಗ್ ಹೋಗಿ ಗಿರಾಕಿಗಳು ತಪ್ಪುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಇವುಗಳಲ್ಲಿ ಯಾವುದನ್ನು ಕೇಳುವುದು ಬುದ್ಧಿವಂತಿಕೆ?

ಉತ್ತರ: ನಿಮ್ಮ ಸಂಘದ ಜಗಳ ಯಾವ ಗಾಡಿ ಬೇಕು ಎಂಬುದರ ಸುತ್ತ ನಡೆಯುತ್ತಿದೆ. ಸಾರಿಗೆ ಯೋಜನೆ ಮಾಡುವವರು ಗಾಡಿಯ ಹೆಸರನ್ನು ಕೊನೆಗೆ ಬರೆಯುತ್ತಾರೆ. ಮೊದಲು ಕೇಳುವುದು ಎರಡೇ ಸಂಗತಿ. ಅತಿ ಹೆಚ್ಚು ನೂಕುನುಗ್ಗಲಿನ ಒಂದು ಗಂಟೆಯಲ್ಲಿ ಒಂದೇ ದಿಕ್ಕಿನಲ್ಲಿ ಎಷ್ಟು ಜನ ಹೋಗಬೇಕು? ಆ ಗಾಡಿಗೆ ತನ್ನದೇ ದಾರಿ ಇದೆಯೋ, ಕಾರು-ಟ್ಯಾಂಕರ್‌ಗಳ ಹಿಂದೆ ಸಾಲು ನಿಲ್ಲಬೇಕೋ? ಇವೆರಡು ಗೊತ್ತಾದರೆ ನಿಮ್ಮ ಪಟ್ಟಿಯಲ್ಲಿರುವ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಲೆಕ್ಕ ಹೇಗೆ ಎಂಬುದಕ್ಕೆ ಒಂದು ಉದಾಹರಣೆ. ನಿಮ್ಮ ಪ್ರದೇಶದಲ್ಲಿ 60,000 ಉದ್ಯೋಗಗಳಿವೆ ಎಂದುಕೊಳ್ಳಿ (ನಿಜವಾದ ಸಂಖ್ಯೆಯನ್ನು ನೀವೇ ಕಲೆಹಾಕಬಹುದು, ಹೇಗೆಂದು ಕೊನೆಯಲ್ಲಿ ಹೇಳಿದ್ದೇನೆ). ಕಚೇರಿ ಪ್ರದೇಶಗಳಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಒಂದೇ ಗಂಟೆಯಲ್ಲಿ ಬಂದಿಳಿಯುತ್ತಾರೆ ಎಂದಿಟ್ಟರೆ 20,000. ಅದರಲ್ಲಿ ನೂರಕ್ಕೆ 40 ಮಂದಿ ಸಾರ್ವಜನಿಕ ಸಾರಿಗೆ ಹಿಡಿದರೆ 8,000. ಇಬ್ಬಲೂರು ಕಡೆಯಿಂದ ನೂರಕ್ಕೆ 60, ದೊಮ್ಮಸಂದ್ರ ಕಡೆಯಿಂದ ಉಳಿದವರು ಬರುತ್ತಾರೆಂದರೆ ಭಾರದ ದಿಕ್ಕಿನಲ್ಲಿ ಗಂಟೆಗೆ 4,800 ಮಂದಿ. ಬಸ್ಸಿಗೆ 65 ಜನರಂತೆ ಹಾಕಿದರೆ ಗಂಟೆಗೆ 74 ಬಸ್, ಅಂದರೆ ಐವತ್ತು ಸೆಕೆಂಡಿಗೊಂದು. ಇಷ್ಟನ್ನು ಬಸ್ಸು ನಿಭಾಯಿಸಬಲ್ಲದು, ಆದರೆ ತನ್ನದೇ ಲೇನ್ ಮತ್ತು ಸರಿಯಾದ ನಿಲ್ದಾಣಗಳಿದ್ದರೆ ಮಾತ್ರ. ಉದ್ಯೋಗಗಳು ಎರಡು ಲಕ್ಷಕ್ಕೆ ಏರಿದರೆ ಅದೇ ಲೆಕ್ಕ 16,000ಕ್ಕೆ ಹೋಗುತ್ತದೆ. ಅದು ನಿಮ್ಮ ರಸ್ತೆಯಲ್ಲಿ ಬಸ್ಸಿನ ಕೈಮೀರಿದ ಮಾತು. ಆರು ಬೋಗಿಯ ಮೆಟ್ರೊ ರೈಲಿನಲ್ಲಿ 1,500 ಜನ ಎಂದು ಹಿಡಿದು ನಾಲ್ಕು ನಿಮಿಷಕ್ಕೊಂದು ಓಡಿಸಿದರೆ ಗಂಟೆಗೆ 22,500 ಮಂದಿಯನ್ನು ಅದು ಸಾಗಿಸುತ್ತದೆ.

ಹಾಗಾಗಿ ಮೆಟ್ರೊನೋ ಬಸ್ಸೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಇಂದಿನ ಹೊರೆಗೆ ಬಸ್ಸು, ಹತ್ತು-ಹನ್ನೆರಡು ವರ್ಷದ ನಂತರದ ಹೊರೆಗೆ ಮೆಟ್ರೊ. ನಡುವಿನ ಕಾಲವನ್ನು ಹೇಗೆ ದಾಟುತ್ತೀರಿ ಎಂಬುದೇ ನಿಮ್ಮ ಮನವಿಯ ವಿಷಯವಾಗಬೇಕು.

ಮೆಟ್ರೊ ಎಷ್ಟು ದೂರದಲ್ಲಿದೆ

ಸರ್ಜಾಪುರದಿಂದ ಇಬ್ಬಲೂರು, ಅಗರ, ಕೋರಮಂಗಲ ಮಾರ್ಗವಾಗಿ ಹೆಬ್ಬಾಳಕ್ಕೆ ಹೋಗುವ 36.59 ಕಿ.ಮೀ. ಉದ್ದದ ಮೆಟ್ರೊ ಮಾರ್ಗವೇ ಹಂತ 3ಎ. ರಾಜ್ಯ ಸಂಪುಟ ಇದಕ್ಕೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ ₹28,405 ಕೋಟಿ, ಕಿಲೋಮೀಟರಿಗೆ ಸುಮಾರು ₹776 ಕೋಟಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೂರನೇ ಹಂತ 44.65 ಕಿ.ಮೀ.ಗೆ ₹15,611 ಕೋಟಿ, ಅಂದರೆ ಕಿಲೋಮೀಟರಿಗೆ ₹350 ಕೋಟಿ. ನಿಮ್ಮ ಮಾರ್ಗ ದುಬಾರಿಯಾಗಲು ಮುಖ್ಯ ಕಾರಣ ನಗರದೊಳಗಿನ ಸುರಂಗ ಭಾಗ. ಇದು ನಿಮಗೇಕೆ ಮುಖ್ಯವೆಂದರೆ, ಯೋಜನೆ ತಡವಾಗುವುದು ಸಾಮಾನ್ಯವಾಗಿ ಇಂಥ ಕಡೆಯೇ. ವೆಚ್ಚ ಹೆಚ್ಚಾದಷ್ಟೂ ಕೇಂದ್ರದ ಪರಿಶೀಲನೆ ಬಿಗಿಯಾಗುತ್ತದೆ. 2017ರ ಮೆಟ್ರೊ ರೈಲು ನೀತಿಯ ಪ್ರಕಾರ ಬೇರೆ ಆಯ್ಕೆಗಳನ್ನೆಲ್ಲ ತೂಗಿ ನೋಡಿರಬೇಕು, ಯೋಜನೆಯ ಆರ್ಥಿಕ ಪ್ರತಿಫಲ ಕನಿಷ್ಠ ಶೇ 14 ಇರಬೇಕು.

ಒಪ್ಪಿಗೆಯಾದ ಮೇಲೂ ಎಷ್ಟು ಕಾಲ? ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರ ಆರಂಭದಲ್ಲಿ. ವೈಟ್‌ಫೀಲ್ಡ್‌ಗೆ ರೈಲು ಬಂದದ್ದು 2023ರ ಮಾರ್ಚ್‌ನಲ್ಲಿ. ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿ ಹಳಿ, ನಿಲ್ದಾಣ ಸಿದ್ಧವಾದ ಮೇಲೂ ಬೋಗಿಗಳು ಬಾರದೆ ಕಾಯಬೇಕಾಯಿತು. ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಕಂಬ ಎದ್ದಿತೆಂದರೆ ರೈಲು ಬಂತು ಎಂದು ತಿಳಿಯಬೇಡಿ. ಇಬ್ಬಲೂರನ್ನು ಹಾದುಹೋಗುವ ನೀಲಿ ಮಾರ್ಗಕ್ಕೆ ಒಪ್ಪಿಗೆಯಾದದ್ದು 2021ರ ಏಪ್ರಿಲ್‌ನಲ್ಲಿ, ನಾಲ್ಕು ವರ್ಷ ಕಳೆದಾಗಲೂ ಅಲ್ಲಿ ಪ್ರಯಾಣಿಕರ ರೈಲು ಓಡಿರಲಿಲ್ಲ.

ನಿಮಗೆ ನಿಜವಾಗಿ ಬೇಗ ಸಿಗುವ ಮೆಟ್ರೊ ಈ ನೀಲಿ ಮಾರ್ಗವೇ. ಅದು ತೆರೆದ ದಿನದಿಂದ ನಿಮ್ಮ ಪ್ರದೇಶ ಇಬ್ಬಲೂರು ನಿಲ್ದಾಣದ ಫೀಡರ್ ವಲಯ, ಅಂದರೆ ನಿಲ್ದಾಣಕ್ಕೆ ಬಸ್ಸಿನಲ್ಲಿ ಹೋಗಿಬರುವ ಪ್ರದೇಶವಾಗುತ್ತದೆ. ಅಲ್ಲಿಂದ ನಿಮ್ಮಲ್ಲಿಗೆ ಬಸ್ಸು ಹೇಗೆ ಬರುತ್ತದೆ ಎಂಬ ತಯಾರಿ ಈಗಲೇ ಆಗದಿದ್ದರೆ, ರೈಲಿನಿಂದಿಳಿದ ಜನ ಆಟೊ ಹಿಡಿದು ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಇದರ ಪಾಠ ಸಿಕ್ಕಿದೆ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಸುಮಾರು ಎರಡು ಕಿ.ಮೀ. ಕೊಂಡಿ 2023ರ ಅಕ್ಟೋಬರ್‌ವರೆಗೆ ಕೂಡಿರಲಿಲ್ಲ. ನಡುವೆ ಇಳಿದು ಬಸ್ ಹತ್ತಿ ಮತ್ತೆ ರೈಲು ಹಿಡಿಯಬೇಕಿತ್ತು. ಆ ಕೊಂಡಿ ಕೂಡಿದ ಮೇಲೆಯೇ ಆ ಮಾರ್ಗಕ್ಕೆ ಜನ ಕಟ್ಟಿದ್ದು. ಒಂದು ಹೆಚ್ಚುವರಿ ಇಳಿ-ಹತ್ತು ಸಾಕು, ಸ್ಕೂಟರ್ ಇರುವವನು ಸ್ಕೂಟರನ್ನೇ ಹತ್ತುತ್ತಾನೆ.

ಮೆಟ್ರೊ ಬಂದರೆ ಟ್ರಾಫಿಕ್ ಕರಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಖಾಲಿಯಾದ ಜಾಗಕ್ಕೆ ಹೊಸ ಕಾರುಗಳು ಬರುತ್ತವೆ. ಮೆಟ್ರೊ ಕೊಡುವುದು ಆ ಸಾಲಿನಲ್ಲಿ ನಿಲ್ಲದೆ ಹೋಗುವ ಇನ್ನೊಂದು ದಾರಿಯನ್ನು. ರಾಗಿಗುಡ್ಡ–ಸಿಲ್ಕ್ ಬೋರ್ಡ್ ನಡುವೆ 2024ರಲ್ಲಿ ತೆರೆದಂಥ ಡಬಲ್ ಡೆಕ್ಕರ್, ಅಂದರೆ ಮೇಲೆ ರೈಲು, ನಡುವೆ ಮೇಲ್ಸೇತುವೆ ಬೇಕೆಂದು ಯಾರಾದರೂ ಮನವಿಗೆ ಸೇರಿಸಲು ಹೇಳಿದರೆ ಎರಡು ಸಲ ಯೋಚಿಸಿ. ವ್ಯಾಪಾರಸ್ಥರಿಗೆ ಅದರಿಂದ ಲಾಭವಿಲ್ಲ. ಮೇಲ್ಸೇತುವೆಯಲ್ಲಿ ಹೋಗುವ ಕಾರು ನಿಮ್ಮ ಅಂಗಡಿ ಮುಂದೆ ನಿಲ್ಲುವುದಿಲ್ಲ, ಇಳಿಜಾರು ಶುರುವಾಗುವ ಕಡೆ ನಿಮ್ಮ ಮುಂದಿನ ರಸ್ತೆ ಇನ್ನೂ ಕಿರಿದಾಗುತ್ತದೆ, ಕಾಮಗಾರಿ ಕಾಲವೂ ಹಿಗ್ಗುತ್ತದೆ.

ಕಂಬದ ಕಾಲದಲ್ಲಿ ಅಂಗಡಿಗೆ ಏನಾಗುತ್ತದೆ

ನಿಮ್ಮ ಭಯ ಸುಳ್ಳಲ್ಲ, ಆದರೆ ಅದನ್ನು ಬಿಡಿಸಿ ನೋಡಿದರೆ ಹಿಡಿತ ಸಿಗುತ್ತದೆ. ಎತ್ತರಿಸಿದ ಮಾರ್ಗಕ್ಕೆ ರಸ್ತೆ ಮಧ್ಯದಲ್ಲಿ ಎಂಟು-ಒಂಬತ್ತು ಮೀಟರ್ ಅಗಲಕ್ಕೆ ಬ್ಯಾರಿಕೇಡ್ ಹಾಕುತ್ತಾರೆ, ಎರಡು ಲೇನ್ ಹೋಯಿತೆಂದೇ ಲೆಕ್ಕ. ಅದಕ್ಕೂ ಮೊದಲು ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ಫೈಬರ್ ಕೇಬಲ್‌ಗಳನ್ನು ಬದಿಗೆ ಸರಿಸಬೇಕು. ಅತಿ ಹೆಚ್ಚು ಕಿರಿಕಿರಿ ಈ ಹಂತದ್ದೇ, ಏಕೆಂದರೆ ಅಗೆತ ನಿಮ್ಮ ಹೊಸ್ತಿಲಿಗೇ ಬರುತ್ತದೆ. ಆಮೇಲೆ ಪೈಲ್, ಅಡಿಪಾಯ, ಕಂಬ. ಕಂಬಗಳ ನಡುವೆ ಸುಮಾರು 28–31 ಮೀಟರ್ ಅಂತರ. ಗರ್ಡರ್ ಕೂರಿಸುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ. ಎರಡು ನಿಲ್ದಾಣಗಳ ನಡುವಿನ ಭಾಗದಲ್ಲಿ ಗರ್ಡರ್ ಕೂತ ಮೇಲೆ ಬ್ಯಾರಿಕೇಡನ್ನು ಬೇಗ ಒಳಕ್ಕೆ ಸರಿಸಬಹುದು, ಆದರೆ ಯಾರೂ ಕೇಳದಿದ್ದರೆ ಗುತ್ತಿಗೆದಾರರು ಅದನ್ನು ಗೋದಾಮಿನಂತೆ ಬಳಸಿಕೊಂಡು ಬಿಟ್ಟಿರುತ್ತಾರೆ. ನಿಲ್ದಾಣ ಬರುವ ಕಡೆ ಮಾತ್ರ ವರ್ಷಗಟ್ಟಲೆ ತೊಂದರೆ ತಪ್ಪಿದ್ದಲ್ಲ.

ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಲಿಖಿತವಾಗಿ ಕೇಳಬೇಕಾದದ್ದು ಇದು: ಬ್ಯಾರಿಕೇಡ್ ಹಾಕುವ ಮುನ್ನ ಬದಿಯ ರಸ್ತೆ ಮತ್ತು ಚರಂಡಿ ಪೂರ್ಣವಾಗಿರಬೇಕು, ಅಂಗಡಿ ಮುಂದೆ ಕನಿಷ್ಠ ಒಂದೂವರೆ ಮೀಟರ್ ನಡೆಯುವ ದಾರಿ ಎಂದೂ ತೆರೆದಿರಬೇಕು, ಪ್ರತಿ 200–250 ಮೀಟರಿಗೆ ರಸ್ತೆ ದಾಟುವ ಜಾಗ ಬೇಕು, ಯಾವ ಕಂಬದಿಂದ ಯಾವ ಕಂಬದವರೆಗೆ ಯಾವ ತಿಂಗಳು ಕೆಲಸ ಎಂಬ ಪಟ್ಟಿ ಸ್ಥಳದಲ್ಲೇ ತೂಗಿರಬೇಕು. ಎದುರು ಬದಿಯ ಗಿರಾಕಿ ದಾಟಲಾಗದೆ ಹೋಗುವುದೇ ವ್ಯಾಪಾರಕ್ಕೆ ದೊಡ್ಡ ಹೊಡೆತ, ಧೂಳು ಆಮೇಲಿನದು.

ಮಾನೊರೈಲು ಬೇಡ

ಇದರ ಬಗ್ಗೆ ಎರಡು ಮಾತಿಲ್ಲ. ಮುಂಬೈ ಮಾನೊರೈಲು 2014ರಲ್ಲಿ ಚೆಂಬೂರು–ವಡಾಲ ನಡುವೆ ಶುರುವಾಗಿ 2019ರಲ್ಲಿ ಜೇಕಬ್ ಸರ್ಕಲ್‌ವರೆಗೆ ಹೋಯಿತು, ಒಟ್ಟು ಸುಮಾರು 20 ಕಿ.ಮೀ. ನಾಲ್ಕು ಬೋಗಿಯ ರೈಲಿನಲ್ಲಿ ಹಿಡಿಸುವುದು ಐನೂರು-ಆರುನೂರು ಮಂದಿ. ಕಂಬ, ನಿಲ್ದಾಣ ಎಲ್ಲವೂ ಬೇಕು, ಸಾಗುವ ಜನ ಮಾತ್ರ ಮೆಟ್ರೊದ ಮೂರನೇ ಒಂದು ಭಾಗ. ಅದರ ತೊಲೆಗೆ ಬೇರೊಬ್ಬ ತಯಾರಕರ ಗಾಡಿ ಹೊಂದುವುದು ಸುಲಭವಲ್ಲ, ಹಾಗಾಗಿ ಬಿಡಿಭಾಗಕ್ಕೆ ಒಬ್ಬರನ್ನೇ ನಂಬಬೇಕು. ಮುಂಬೈಯಲ್ಲಿ ನಡೆಸುತ್ತಿದ್ದವರ ಗುತ್ತಿಗೆಯನ್ನು 2018ರ ಕೊನೆಗೆ ರದ್ದು ಮಾಡಿದಾಗ ಓಡುವ ಸ್ಥಿತಿಯಲ್ಲಿದ್ದ ರೈಲುಗಳೇ ಕಡಿಮೆ. 2025ರ ಆಗಸ್ಟ್ 19ರ ಮಳೆಯಲ್ಲಿ ತಾಳಿಕೆಗಿಂತ ಹೆಚ್ಚು ಭಾರ ಹೊತ್ತ ರೈಲು ನಡುದಾರಿಯಲ್ಲಿ ನಿಂತು, ಐನೂರಕ್ಕೂ ಹೆಚ್ಚು ಜನರನ್ನು ಏಣಿಯಿಂದ ಇಳಿಸಬೇಕಾಯಿತು. ಮುಂದಿನ ತಿಂಗಳು ಇಡೀ ಸೇವೆಯನ್ನೇ ನಿಲ್ಲಿಸಿದರು.

ಹಗುರ ರೈಲಾದ ಮೆಟ್ರೊಲೈಟ್, ತಂತಿಯಿಂದ ವಿದ್ಯುತ್ ಪಡೆಯುವ ರಬ್ಬರ್ ಚಕ್ರದ ಮೆಟ್ರೊನಿಯೊ ಎಂಬ ಎರಡು ಮಾದರಿಗಳಿಗೆ ಕೇಂದ್ರ ಮಾನದಂಡ ಹೊರಡಿಸಿದೆ. ಮೆಟ್ರೊನಿಯೊ ಗಂಟೆಗೆ 8,000 ಮಂದಿಯವರೆಗಿನ ಮಾರ್ಗಕ್ಕೆ, ಮೆಟ್ರೊಲೈಟ್ 15,000ದವರೆಗಿನದಕ್ಕೆ. ಕಾಗದದ ಮೇಲೆ ನಿಮಗೆ ಹೊಂದುತ್ತವೆ. ಆದರೆ ಮೆಟ್ರೊಗೆಂದು ಗುರುತಿಸಿದ ಮಧ್ಯಭಾಗದಲ್ಲಿ ಇವನ್ನು ಕಟ್ಟಿದರೆ ಮುಂದೆ ಮೆಟ್ರೊಗೆ ಜಾಗವೇ ಇರುವುದಿಲ್ಲ. ಇನ್ನು, ಬರೀ ವಾಣಿಜ್ಯ ಪ್ರದೇಶವನ್ನು ಸುತ್ತುವ ಪುಟ್ಟ ರೈಲು ಏನಾಗುತ್ತದೆಂದು ನೋಡಬೇಕಾದರೆ ಗುರುಗ್ರಾಮದ ರ‍್ಯಾಪಿಡ್ ಮೆಟ್ರೊ ಇದೆ. ಖಾಸಗಿಯವರು 2013ರಲ್ಲಿ ಶುರುಮಾಡಿದರು, ಎರಡೂ ಹಂತ ಸೇರಿ ಸುಮಾರು 12 ಕಿ.ಮೀ. ಎಣಿಸಿದಷ್ಟು ಜನ ಬರಲಿಲ್ಲ, 2019ರಲ್ಲಿ ಅದನ್ನು ಸರ್ಕಾರದ ಕಡೆಯವರು ವಹಿಸಿಕೊಳ್ಳಬೇಕಾಯಿತು. ಜನ ಎಲ್ಲಿಂದ ಹೊರಡುತ್ತಾರೋ ಅಲ್ಲಿಗೆ ಮಾರ್ಗ ಮುಟ್ಟದಿದ್ದರೆ ಗಾಜಿನ ಕಟ್ಟಡಗಳ ನಡುವೆ ಎಷ್ಟು ಸುತ್ತಿದರೂ ಅಷ್ಟೇ.

ಚಿಗರಿ ಮಾದರಿ ಇಲ್ಲಿ ಆಗುತ್ತದೆಯೇ

ಹುಬ್ಬಳ್ಳಿ ಕಡೆಯ ಸದಸ್ಯರ ಮಾತಿನಲ್ಲಿ ಹುರುಳಿದೆ. ಹುಬ್ಬಳ್ಳಿ–ಧಾರವಾಡ ನಡುವಿನ 22.25 ಕಿ.ಮೀ. ಉದ್ದದ ತ್ವರಿತ ಬಸ್ ವ್ಯವಸ್ಥೆಯಾದ ಬಿಆರ್‌ಟಿಎಸ್‌ನಲ್ಲಿ 2018ರ ಅಕ್ಟೋಬರ್‌ನಿಂದ ಚಿಗರಿ ಬಸ್‌ಗಳು ಓಡುತ್ತಿವೆ. ರಸ್ತೆ ಮಧ್ಯದಲ್ಲಿ ಬಸ್ಸಿಗೇ ಮೀಸಲಾದ ದಾರಿ, ನಿಲ್ದಾಣದಲ್ಲೇ ಟಿಕೆಟ್, ಬಸ್ಸಿನ ನೆಲಕ್ಕೆ ಸಮನಾದ ಪ್ಲಾಟ್‌ಫಾರಂ. ಆದರೆ ಅಲ್ಲಿ ರಸ್ತೆಯನ್ನು ಮೊದಲು ಅಗಲ ಮಾಡಿ ಆಮೇಲೆ ಬಸ್ ತಂದರು. ನಿಮ್ಮಲ್ಲಿ ಅಳತೆಪಟ್ಟಿ ಹಿಡಿದು ನೋಡಿ: ಎರಡು ಬಸ್ ಲೇನ್‌ಗೆ 7 ಮೀಟರ್, ನಿಲ್ದಾಣಕ್ಕೆ ಮೂರೂವರೆ, ಉಳಿದ ವಾಹನಗಳಿಗೆ ಆಚೀಚೆ ಎರಡೆರಡು ಲೇನ್ ಅಂದರೆ 13, ಎರಡೂ ಬದಿ ಫುಟ್‌ಪಾತ್‌ಗೆ 5, ಚರಂಡಿ ಮತ್ತು ವಿಭಜಕಕ್ಕೆ 2. ಕೂಡಿದರೆ ಮೂವತ್ತು ಮೀಟರ್ ಮೀರುತ್ತದೆ. ನಿಮ್ಮ ರಸ್ತೆಯಲ್ಲಿ ಅಷ್ಟು ಅಗಲ ಉದ್ದಕ್ಕೂ ಇಲ್ಲ. ಅದಕ್ಕಾಗಿ ಭೂಸ್ವಾಧೀನ ಮಾಡುವುದಾದರೆ ಮೊದಲು ಹೋಗುವುದು ನಿಮ್ಮ ಅಂಗಡಿಗಳ ಮುಂಭಾಗ. ಮೇಲಾಗಿ ಮೆಟ್ರೊ ಕಂಬ ಬರುವುದೂ ಅದೇ ಮಧ್ಯಭಾಗಕ್ಕೆ. ಇಂದು ಕಟ್ಟಿ ನಾಳೆ ಒಡೆಯುವ ಕೆಲಸವಾಗುತ್ತದೆ.

ಬಿಆರ್‌ಟಿ ನಮ್ಮ ದೇಶಕ್ಕೆ ಒಗ್ಗಿಲ್ಲ ಎನ್ನುವವರು ದೆಹಲಿಯ ಅಂಬೇಡ್ಕರ್ ನಗರ–ಮೂಲಚಂದ್ ಮಾರ್ಗದ ಉದಾಹರಣೆ ಕೊಡುತ್ತಾರೆ. 5.8 ಕಿ.ಮೀ. ಉದ್ದದ ಅದು 2008ರಲ್ಲಿ ಶುರುವಾಗಿ 2016ರಲ್ಲಿ ಕಿತ್ತುಹೋಯಿತು. ಅಲ್ಲಿ ಎಡವಿದ್ದು ಸಿಗ್ನಲ್‌ಗಳಲ್ಲಿ. ಬಸ್ಸಿಗೆ ಪ್ರತ್ಯೇಕ ಹಸಿರು ಕೊಡಲು ಹೋಗಿ ಪ್ರತಿ ಸುತ್ತೂ ಉದ್ದವಾಯಿತು, ಬಸ್ಸು ಕಾರು ಎರಡೂ ಕಾದವು. ಮಾರ್ಗವೂ ತೀರ ಗಿಡ್ಡ, ಬಸ್ಸಿನಲ್ಲಿ ಹೋದವನಿಗೆ ಉಳಿದ ಸಮಯ ಅಷ್ಟಕ್ಕಷ್ಟೆ.

ನಿಮ್ಮಲ್ಲಿ ಆಗಬಹುದಾದದ್ದು ರಸ್ತೆಯ ಎಡಬದಿಯ ಬಸ್ ಲೇನ್, ಅದೂ ಬೆಳಿಗ್ಗೆ ಮತ್ತು ಸಂಜೆಯ ಹೊತ್ತಿಗೆ ಮಾತ್ರ, ಅಗಲ ಇರುವ ಕಡೆ ಮಾತ್ರ. ಇದರಿಂದ ಏನು ಸಿಗುತ್ತದೆ ಎಂಬುದಕ್ಕೆ ಬಸ್ ಲೆಕ್ಕವೇ ಸಾಕು. 15 ಕಿ.ಮೀ. ಮಾರ್ಗದಲ್ಲಿ ಬಸ್ಸು ಗಂಟೆಗೆ 12 ಕಿ.ಮೀ. ವೇಗದಲ್ಲಿ ತೆವಳಿದರೆ ಹೋಗಲು 75 ನಿಮಿಷ, ಬರಲು 75, ಕೊನೆಯಲ್ಲಿ ನಿಲ್ಲಲು 20, ಒಟ್ಟು 170 ನಿಮಿಷ. ಎಂಟು ನಿಮಿಷಕ್ಕೊಂದು ಬಸ್ ಬೇಕೆಂದರೆ 22 ಬಸ್ ಹಾಕಬೇಕು. ವೇಗ 18ಕ್ಕೆ ಏರಿದರೆ ಸುತ್ತು 120 ನಿಮಿಷ, 15 ಬಸ್ ಸಾಕು. ಅದೇ ಸೇವೆಗೆ ಏಳು ಬಸ್, ಏಳು ಬಸ್ಸಿನ ಚಾಲಕರು, ನಿರ್ವಾಹಕರು ಉಳಿದರು. ಬಿಎಂಟಿಸಿ ಹತ್ತಿರ ಹೋಗಿ ಹೆಚ್ಚು ಬಸ್ ಕೊಡಿ ಎಂದರೆ ಬಸ್ ಎಲ್ಲಿದೆ ಎನ್ನುತ್ತಾರೆ. ಇರುವ ಬಸ್ಸು ಸಾಲಿನಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಈ ಲೆಕ್ಕದೊಂದಿಗೆ ತೋರಿಸಿ.

ಕಾರಿನ ಜಾಗ ಕಿತ್ತುಕೊಂಡರು ಎಂಬ ಕೂಗಿಗೂ ಉತ್ತರ ಇದೆ, ಆದರೆ ಷರತ್ತಿನೊಂದಿಗೆ. ಸಿಗ್ನಲ್ ಇರುವ ರಸ್ತೆಯ ಒಂದು ಲೇನ್‌ನಲ್ಲಿ ಗಂಟೆಗೆ 800 ಕಾರು ಹೋದರೆ ದೊಡ್ಡ ಮಾತು, ಕಾರಿಗೆ 1.3 ಮಂದಿಯಂತೆ ಸಾವಿರ ಚಿಲ್ಲರೆ ಜನ. ಅದೇ ಲೇನ್‌ನಲ್ಲಿ 30 ಬಸ್, ತಲಾ 50 ಮಂದಿ ಹೋದರೂ 1,500. ಆದರೆ ಗಂಟೆಗೆ 20–25ಕ್ಕಿಂತ ಕಡಿಮೆ ಬಸ್ ಇದ್ದರೆ ಲೇನ್ ಖಾಲಿ ಕಾಣುತ್ತದೆ, ಪಕ್ಕದಲ್ಲಿ ಕಾದು ನಿಂತವರು ಬೈಯುತ್ತಾರೆ, ಸ್ಕೂಟರ್‌ಗಳು ನುಗ್ಗುತ್ತವೆ, ಪೊಲೀಸರು ಕೈಚೆಲ್ಲುತ್ತಾರೆ. ಹಾಗಾಗಿ ಮೊದಲು ಬಸ್ ಸಂಖ್ಯೆ, ಆಮೇಲೆ ಲೇನ್. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಬಸ್ ಲೇನ್ ಮಾಡಿದಾಗ ಒಂದು ಅನುಕೂಲ ಇತ್ತು: 500 ಸರಣಿಯ ಬಸ್‌ಗಳು ಅಲ್ಲಿ ಮೊದಲೇ ಸಾಲುಸಾಲಾಗಿ ಓಡುತ್ತಿದ್ದವು. ಆ ಲೇನ್ ಆಮೇಲೆ ಮೆಟ್ರೊ ಕಾಮಗಾರಿಗೆ ಬಲಿಯಾಯಿತು.

ಉದ್ದಕ್ಕೂ ಲೇನ್ ಆಗದಿದ್ದರೆ ಸಿಗ್ನಲ್‌ಗೆ ಮುಂಚಿನ 60–80 ಮೀಟರ್ ಮಾತ್ರವಾದರೂ ಬಸ್ಸಿಗೆ ಕೊಡಿಸಿ. ಸಾಲಿನ ಬಾಲದಿಂದ ತಲೆಗೆ ಬಸ್ ಬಂದುಬಿಡುತ್ತದೆ. ಎಡಕ್ಕೆ ತಿರುಗುವ ವಾಹನಗಳಿಗೆ ಕೊನೆಯ 40 ಮೀಟರಿನಲ್ಲಿ ಸೇರಲು ಗುರುತು ಹಾಕಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬಸ್ಸಿಗೂ ಕ್ಯಾಬಿಗೂ ದಿನಾ ಕಿತ್ತಾಟ. ತಂಗುದಾಣ ಜಂಕ್ಷನ್ ದಾಟಿದ ಮೇಲೆ 30–40 ಮೀಟರಿಗೆ ಇರಲಿ. ಜಂಕ್ಷನ್‌ಗೆ ಮುಂಚೆ ಇದ್ದರೆ ಹಸಿರು ಬಿದ್ದಾಗ ಜನ ಹತ್ತುತ್ತಿರುತ್ತಾರೆ, ಹತ್ತಿ ಮುಗಿಯುವಷ್ಟರಲ್ಲಿ ಕೆಂಪು. ಬಸ್ ನಿಲ್ಲುವ ಒಂದು ಜಾಗದಲ್ಲಿ ಗಂಟೆಗೆ 40–50 ಬಸ್ ಮಾತ್ರ ಸಲೀಸಾಗಿ ನಿಂತು ಹೋಗಬಲ್ಲವು. ಹತ್ತು ಜನ ಒಂದೇ ಬಾಗಿಲಲ್ಲಿ ಹತ್ತಿದರೆ 25–30 ಸೆಕೆಂಡು ಹೋಯಿತು. ಮೇಲಿನ ಲೆಕ್ಕದ 74 ಬಸ್ಸಿಗೆ ಎರಡು-ಮೂರು ಬಸ್ ಒಟ್ಟಿಗೆ ನಿಲ್ಲುವ 45 ಮೀಟರ್ ಉದ್ದದ ತಂಗುದಾಣ ಬೇಕು. ಈಗ ನೀವು ಕಾಣುವ ಒಂದೇ ನೆರಳುಗೂಡು, ಅದರ ಮುಂದೆ ಎರಡು ಆಟೊ, ಒಂದು ಎಳನೀರು ಗಾಡಿ ಇದ್ದರೆ ಬಸ್ಸು ರಸ್ತೆ ನಡುವೆಯೇ ನಿಲ್ಲುತ್ತದೆ. ಅದರ ಹಿಂದೆ ಇಡೀ ಲೇನ್ ನಿಲ್ಲುತ್ತದೆ.

ಪಾರ್ಕಿಂಗ್ ಮಾತಿಗೆ ಬರೋಣ. ನೂರು ಮೀಟರ್ ಉದ್ದದ ಅಂಗಡಿ ಸಾಲಿನ ಮುಂದೆ ಕಾರಿಗೆ 6 ಮೀಟರಿನಂತೆ 16 ಕಾರು ನಿಲ್ಲುತ್ತವೆ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ ಅವುಗಳ ನಂಬರ್ ಬರೆದುಕೊಳ್ಳಿ. ಮೂರೂ ಸಲ ಅದೇ ನಂಬರ್‌ಗಳಿದ್ದರೆ ಅವು ಗಿರಾಕಿಗಳವಲ್ಲ, ಮಾಲೀಕರು ಮತ್ತು ಕೆಲಸದವರವು. ಗಂಟೆಗೆ 30 ಬಸ್ ನಿಂತು ತಲಾ ನಾಲ್ಕು ಜನ ಇಳಿದರೂ 120 ಮಂದಿ ನಿಮ್ಮ ಅಂಗಡಿಗಳ ಮುಂದೆ ನಡೆದುಹೋಗುತ್ತಾರೆ. ಹಾಗೆಂದು ಎಲ್ಲ ಅಂಗಡಿಗೂ ಒಂದೇ ಲೆಕ್ಕವಲ್ಲ. ಬೇಕರಿ, ಮೆಡಿಕಲ್, ದರ್ಶಿನಿಗಳಿಗೆ ನಡೆದು ಬರುವವರೇ ಜೀವಾಳ. ಟೈಲ್ಸ್, ಪೀಠೋಪಕರಣ ಮಾರುವವರಿಗೆ ಸರಕು ಇಳಿಸುವ ಜಾಗ ನಿಜಕ್ಕೂ ಬೇಕು. ಅವರಿಗೆ ಅಡ್ಡರಸ್ತೆಯಲ್ಲಿ ಗುರುತಿಸಿದ ಜಾಗ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮುಖ್ಯರಸ್ತೆಯಲ್ಲೇ ಸರಕು ಇಳಿಸುವ ಅವಕಾಶ ಕೇಳಿ.

ಯಾರೂ ಎತ್ತದ ಆಯ್ಕೆ

ನಿಮ್ಮ ಪತ್ರದಲ್ಲಿ ರೈಲ್ವೆಯ ಮಾಮೂಲಿ ರೈಲಿನ ಸುದ್ದಿಯೇ ಇಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಯಿತು. ಬೈಯಪ್ಪನಹಳ್ಳಿ–ಹೊಸೂರು ಮಾರ್ಗದ ಕಾರ್ಮೆಲರಾಂ ನಿಲ್ದಾಣ ನಿಮ್ಮಿಂದ ಎರಡು-ಮೂರು ಕಿ.ಮೀ. ದೂರದಲ್ಲೇ ಇದೆ. ಹೊಸೂರು ಕಡೆಯಿಂದ, ಬಾಣಸವಾಡಿ ಕಡೆಯಿಂದ ಬರುವವರಿಗೆ ರಸ್ತೆಗಿಂತ ಇದೇ ವೇಗ. ತೊಂದರೆ ಇರುವುದು ರೈಲುಗಳ ಸಂಖ್ಯೆಯಲ್ಲಿ ಮತ್ತು ನಿಲ್ದಾಣದಿಂದಾಚೆಗೆ. ಕಚೇರಿ ವೇಳೆಗೆ ಹೊಂದುವ ಪ್ಯಾಸೆಂಜರ್, ಮೆಮು (ವಿದ್ಯುತ್ ಲೋಕಲ್) ರೈಲುಗಳು ಬೆರಳೆಣಿಕೆಯಷ್ಟು. ಇಳಿದ ಮೇಲೆ ಬಸ್ಸು ಇಲ್ಲ, ಕತ್ತಲಾದ ಮೇಲೆ ದಾರಿದೀಪವೂ ಸಾಲದು.

ಉಪನಗರ ರೈಲಿನ 46.24 ಕಿ.ಮೀ. ಉದ್ದದ ಕನಕ ಮಾರ್ಗ, ಹೀಲಲಿಗೆಯಿಂದ ರಾಜಾನುಕುಂಟೆಗೆ, ಇದೇ ಕಾರ್ಮೆಲರಾಂ ಮೂಲಕ ಹೋಗುತ್ತದೆ. ಉಪನಗರ ರೈಲಿನ ನಾಲ್ಕೂ ಮಾರ್ಗ ಸೇರಿ 148.17 ಕಿ.ಮೀ., ಅಂದಾಜು ₹15,767 ಕೋಟಿ, ಅಂದರೆ ಕಿಲೋಮೀಟರಿಗೆ ₹106 ಕೋಟಿ. ಬಹುಪಾಲು ಹಾದಿ ಈಗಿರುವ ರೈಲ್ವೆ ಜಾಗದಲ್ಲೇ ಹೋಗುವುದರಿಂದ ಈ ಅಗ್ಗ. ಕನಕ ಮಾರ್ಗ ಬರಲು ಕಾಲ ಹಿಡಿಯುತ್ತದೆ. ಅದರೊಳಗೆ, ಈಗಿರುವ ಮಾರ್ಗದಲ್ಲಿ ಬೆಳಿಗ್ಗೆ ಎರಡು, ಸಂಜೆ ಎರಡು ಹೆಚ್ಚುವರಿ ಮೆಮು ಕೇಳುವುದು ಅತಿಯಾಸೆ ಏನಲ್ಲ. ಈ ಮನವಿ ಶಾಸಕರಿಗಲ್ಲ, ಸಂಸದರಿಗೆ ಮತ್ತು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಹೋಗಬೇಕು.

ಕಂಪನಿ ಬಸ್‌ಗಳನ್ನು ಎಲ್ಲರಿಗೂ ತೆರೆಯಲಿ ಎಂಬ ಸಲಹೆಯೂ ಇಂಥ ಸಭೆಗಳಲ್ಲಿ ಬರುತ್ತದೆ. ಕಾನೂನು ಅಡ್ಡ ಬರುತ್ತದೆ. ಗುತ್ತಿಗೆ ಪರ್ಮಿಟ್ಟಿನ ಬಸ್ಸು ದಾರಿಯಲ್ಲಿ ಒಬ್ಬೊಬ್ಬರಿಂದ ದುಡ್ಡು ಪಡೆದು ಹತ್ತಿಸಿಕೊಳ್ಳುವಂತಿಲ್ಲ, ಅದಕ್ಕೆ ಬೇರೆ ಪರ್ಮಿಟ್ ಬೇಕು, ಬೆಂಗಳೂರಿನಲ್ಲಿ ಆ ಸೇವೆ ಬಿಎಂಟಿಸಿಯ ಕೈಯಲ್ಲಿದೆ. ಆದರೆ ನಾಲ್ಕಾರು ಸಣ್ಣ ಕಚೇರಿಗಳು ಸೇರಿ ಬಿಎಂಟಿಸಿ ಬಸ್ಸನ್ನೇ ಒಪ್ಪಂದದ ಮೇಲೆ ಪಡೆಯಲು ಅಡ್ಡಿಯಿಲ್ಲ.

ಫೀಡರ್ ಕೇಳುವಾಗ ಬರೀ ಎಸಿ ಬಸ್ ಕೇಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ ಉಚಿತ, ಎಸಿ ಬಸ್ಸಿಗೆ ಅದು ಸಲ್ಲದು. ಮೆಟ್ರೊದಲ್ಲಿ 2025ರ ಫೆಬ್ರವರಿಯ ಪರಿಷ್ಕರಣೆಯಂತೆ ಕನಿಷ್ಠ ದರ ₹10, ಗರಿಷ್ಠ ₹90, ಹತ್ತರಿಂದ ಹದಿನೈದು ಕಿ.ಮೀ.ಗೆ ₹60. ಸ್ಮಾರ್ಟ್ ಕಾರ್ಡ್ ರಿಯಾಯಿತಿ ಬಿಟ್ಟು ನೋಡಿದರೆ ತಿಂಗಳಿಗೆ 26 ದಿನಕ್ಕೆ ₹3,120. ಹದಿನೈದು ಸಾವಿರ ಸಂಬಳದ ಸೇಲ್ಸ್ ಹುಡುಗಿ ಐದರಲ್ಲೊಂದು ಪಾಲನ್ನು ರೈಲಿಗೆ ಕೊಡುವುದಿಲ್ಲ. ನಿಮ್ಮ ಅಂಗಡಿ, ಹೋಟೆಲ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಜನ ಮೆಟ್ರೊ ಬಂದ ಮೇಲೂ ಬಸ್ಸಿನಲ್ಲೇ ಇರುತ್ತಾರೆ.

ಮನವಿಯಲ್ಲಿ ಏನಿರಲಿ

ಮೊದಲ ಬೇಡಿಕೆ, ಇಬ್ಬಲೂರು–ದೊಡ್ಡಕನ್ನೆಲ್ಲಿ–ಕಾರ್ಮೆಲರಾಂ ನಿಲ್ದಾಣದ ನಡುವೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಎಂಟು ನಿಮಿಷಕ್ಕೊಂದು ಸಾಮಾನ್ಯ ಬಸ್. ಹತ್ತು ನಿಮಿಷದೊಳಗೆ ಬಸ್ ಬರುತ್ತದೆಂದರೆ ಜನ ವೇಳಾಪಟ್ಟಿ ನೋಡದೆ ಬಂದು ನಿಲ್ಲುತ್ತಾರೆ; ಅರ್ಧ ಗಂಟೆಗೊಂದಾದರೆ ಸಾಲ ಮಾಡಿ ಸ್ಕೂಟರ್ ಕೊಳ್ಳುತ್ತಾರೆ. ಎರಡನೆಯದು ಸಿಗ್ನಲ್‌ಗಳಲ್ಲಿ ಬಸ್ಸಿಗೆ ಮುಂಗಡ ಜಾಗ ಮತ್ತು ಉದ್ದದ ತಂಗುದಾಣ. ಮೂರನೆಯದು ಪ್ರತಿ ತಂಗುದಾಣದ ಸುತ್ತ 500 ಮೀಟರ್ ಅಡೆತಡೆಯಿಲ್ಲದ ಫುಟ್‌ಪಾತ್. ಟ್ರಾನ್ಸ್‌ಫಾರ್ಮರ್ ಕಟ್ಟೆ, ಬೋರ್ಡು, ಜನರೇಟರ್‌ಗಳಲ್ಲಿ ನಿಮ್ಮ ಸದಸ್ಯರವೂ ಇರುತ್ತವೆ, ಅವನ್ನು ಮೊದಲು ನೀವೇ ತೆಗೆಸಿ. ಮೆಟ್ರೊ ಬಗ್ಗೆ ಕೇಳಬೇಕಾದದ್ದು ನಿಲ್ದಾಣದ ಪ್ರವೇಶದ್ವಾರ ರಸ್ತೆಯ ಎರಡೂ ಬದಿಗೆ, ಬಸ್ ತಂಗುದಾಣಕ್ಕೆ ತಾಗಿ ಇರಬೇಕೆಂದು. ಪಟ್ಟಂದೂರು ಅಗ್ರಹಾರ ನಿಲ್ದಾಣದಿಂದ ಐಟಿಪಿಎಲ್ ಟೆಕ್ ಪಾರ್ಕ್ ಆವರಣಕ್ಕೆ ಇರುವಂಥ ನೇರ ನಡಿಗೆ ಸೇತುವೆಯನ್ನು ನಿಮ್ಮಲ್ಲಿನ ಟೆಕ್ ಪಾರ್ಕ್‌ಗಳ ದುಡ್ಡಿನಿಂದಲೇ ಮಾಡಿಸಬಹುದು.

ಬಸ್ ಕೊಡುವುದು ಬಿಎಂಟಿಸಿ, ಸಿಗ್ನಲ್ ಸಂಚಾರ ಪೊಲೀಸರದು, ಫುಟ್‌ಪಾತ್ ಪಾಲಿಕೆಯದು, ಹೊರಭಾಗದ ರಸ್ತೆ ಲೋಕೋಪಯೋಗಿಯವರದು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಇವರನ್ನೆಲ್ಲ ಒಂದೆಡೆ ಕೂರಿಸಲೆಂದೇ 2022ರ ಕಾಯ್ದೆಯಡಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಇದೆ. ಶಾಸಕರ ಮೂಲಕ ಅಲ್ಲಿಗೆ ಹೋಗಲಿ, ಉಳಿದವರಿಗೆ ಪ್ರತಿ.

ಜೊತೆಗೆ ಎರಡು ಕಾಗದ ಲಗತ್ತಿಸಿ. ಒಂದು, ಸುತ್ತಲಿನ ಕಚೇರಿಗಳ ಎಚ್.ಆರ್. ವಿಭಾಗದಿಂದ ಹೆಸರಿಲ್ಲದೆ ಪಡೆದ ನೌಕರರ ಮನೆಯ ಪಿನ್‌ಕೋಡ್ ಮತ್ತು ಪಾಳಿಯ ವೇಳೆ. ಉದ್ಯೋಗಗಳ ಸಂಖ್ಯೆ, ಜನ ಬರುವ ದಿಕ್ಕು ಎರಡೂ ಅದರಲ್ಲೇ ಸಿಗುತ್ತವೆ. ಇನ್ನೊಂದು, ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನ ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ ನೀವೇ ಮಾಡಿದ ಎಣಿಕೆ. ರಸ್ತೆ ಬದಿ ಇಬ್ಬರು ನಿಂತು ಹದಿನೈದು ನಿಮಿಷಕ್ಕೊಂದು ಸಾಲಿನಂತೆ ಬರೆದುಕೊಳ್ಳಲಿ: ಎಷ್ಟು ಕಾರು, ಎಷ್ಟು ಬೈಕು, ಎಷ್ಟು ಬಸ್. ಬಸ್ಸಿಗೆ ಮಾತ್ರ ನಾಲ್ಕು ಗುರುತು ಸಾಕು: ಅರ್ಧ ಖಾಲಿಗೆ 20 ಜನ, ಸೀಟು ಭರ್ತಿಗೆ 40, ನಿಂತವರಿದ್ದರೆ 55, ಬಾಗಿಲಲ್ಲಿ ಜೋತಿದ್ದರೆ 75. ಸೋಮವಾರ, ಶುಕ್ರವಾರ ಬೇಡ. ಮನೆಯಿಂದ ಕೆಲಸ ಮಾಡುವವರು ಹೆಚ್ಚಿರುವ ದಿನಗಳವು, ನಿಮ್ಮ ಸಂಖ್ಯೆ ಕಡಿಮೆ ಬರುತ್ತದೆ.